ಎಂಟು ತಿಂಗಳು ಆಫೀಸಿನಲ್ಲಿ ಹಾಕಿಕೊಂಡ ನಾಯ್ಸ್ ಕ್ಯಾನ್ಸಲಿಂಗ್ ಹೆಡ್‌ಫೋನ್

ಕೊಂಡ ವಾರವೇ ಐದಕ್ಕೆ ಐದು ಸ್ಟಾರ್ ಕೊಟ್ಟಿದ್ದೆ. ಈಗ ಒಂದನ್ನು ವಾಪಸ್ ತೆಗೆದುಕೊಳ್ಳುತ್ತಿದ್ದೇನೆ. ತಪ್ಪು ಹೆಡ್‌ಫೋನಿನದ್ದೋ ನನ್ನದೋ, ಓದಿ ನೀವೇ ಹೇಳಿ.

ಕೆಲಸದಲ್ಲಿ ಕೊರತೆ ಇಲ್ಲ. ಹೊರಗಿನ ಸದ್ದನ್ನು ಮೈಕ್ ಹಿಡಿದು, ಅದಕ್ಕೆ ತದ್ವಿರುದ್ಧವಾದ ಅಲೆ ಹುಟ್ಟಿಸಿ ಎರಡನ್ನೂ ಸೊನ್ನೆ ಮಾಡುತ್ತದೆ. ಬೋಸ್ ಆಡಿಯೋ ಕಂಪನಿಯ ಸ್ಥಾಪಕ ಅಮರ್ ಬೋಸ್ 1978ರಲ್ಲಿ ಇಂಥದ್ದೊಂದರ ಲೆಕ್ಕ ಹಾಕಲು ಕೂತದ್ದು ವಿಮಾನದಲ್ಲಿ, ಇಂಜಿನ್ ಗದ್ದಲಕ್ಕೆ ಸಂಗೀತ ಸರಿಯಾಗಿ ಕೇಳಿಸದೆ. ಒಂದೇ ಸಮನೆ ಗುಂಯ್ ಅನ್ನುವ ಸದ್ದನ್ನು ಇದು ಚೆನ್ನಾಗಿ ನುಂಗುತ್ತದೆ. ಎಸಿ, ಫ್ಯಾನ್, ಸರ್ವರ್ ರೂಮು, ಎಲ್ಲ ಮಾಯ. ಮಾತು ಮಾತ್ರ ಪೂರ್ತಿ ಹೋಗುವುದಿಲ್ಲ, ಗೊಣಗಾಟವಾಗಿ ಉಳಿಯುತ್ತದೆ. ಮೆಲ್ಲಗೆ ಒಂದು ಹಾಡು ಹಾಕಿದರೆ ಅದೂ ಹೋಯ್ತು.

ನನಗೆ ಪೆಟ್ಟು ಬಿದ್ದದ್ದು ಅಲ್ಲೇ. ನಾನು ಬಿಲ್ಲಿಂಗ್ ಸಾಫ್ಟ್‌ವೇರಿನ ಕೋಡ್ ಬರೆಯುವವನು. ಪಕ್ಕದ ಸೀಟಿನವರು ಗ್ರಾಹಕರ ಫೋನ್ ತೆಗೆಯುತ್ತಾರೆ. ಬಲು ಮೆಲುದನಿ. ಏನೇ ಹೇಳುವುದಿದ್ದರೂ "ಏನಿಲ್ಲ ಸರ್, ಸುಮ್ನೆ..." ಅಂತಲೇ ಶುರು. ಒಂದು ದಿನ ಹಾಗೇ ಏನೋ ಅಂದರು. ಒಂದು ಕಿವಿಯದ್ದು ಮಾತ್ರ ಎತ್ತಿ, ಕಣ್ಣು ಸ್ಕ್ರೀನ್ ಮೇಲೇ ಇಟ್ಟು, "ಹ್ಞಾಂ, ನೋಡ್ತೀನಿ" ಅಂದೆ. ಮತ್ತೆ ಮುಚ್ಚಿಕೊಂಡೆ.

ಮುಂದಿನ ತಿಂಗಳು ಮೊತ್ತ ತಾಳೆಯಾಗಲಿಲ್ಲ. ಎರಡು ದಿನ ತಲೆ ಕೆರೆದುಕೊಂಡೆ. ಕೊನೆಗೆ ಸಿಕ್ಕಿತು: 31ನೇ ತಾರೀಖಿನ ಬಿಲ್ಲುಗಳು ರಿಪೋರ್ಟಿಗೇ ಬರುತ್ತಿರಲಿಲ್ಲ. ದೊಡ್ಡ ಸಾಹಸ ಮಾಡಿದವನ ಹಾಗೆ ಅವರಿಗೆ ಹೇಳಿದರೆ, "ಅವತ್ತು ಅದೇ ಹೇಳಿದ್ನಲ್ಲ ಸರ್" ಅಂದರು. ಕೋಪವೇನೂ ಇರಲಿಲ್ಲ. ಕೋಪ ಇದ್ದಿದ್ದರೇ ಚೆನ್ನಾಗಿತ್ತು.

ಇದಕ್ಕೆ ಟ್ರಾನ್ಸ್‌ಪರೆನ್ಸಿ ಮೋಡ್ ಇದೆಯಲ್ಲ ಅನ್ನಬಹುದು. ಇದೆ. ಬಟನ್ ಒತ್ತಿದರೆ ಹೊರಗಿನ ಮಾತು ಸ್ಪಷ್ಟವಾಗಿ ಒಳಗೆ ಬರುತ್ತದೆ. ಒಂದು ವಾರ ಹಾಗೇ ಇಟ್ಟು ನೋಡಿದೆ. ಆದರೆ ಬಟನ್ ಒತ್ತಿರುವುದು ನನಗೆ ಗೊತ್ತು, ಅವರಿಗೆ ಹೇಗೆ ಗೊತ್ತಾಗಬೇಕು? ಕಿವಿ ಮುಚ್ಚಿದವನ ಹತ್ತಿರ ಮೆಲುದನಿಯವರು ಬಾಯಿ ತೆರೆಯುವುದೇ ಇಲ್ಲ. ಜೋರಾಗಿ ಮಾತಾಡುವವರು ಹೇಗೂ ಭುಜ ತಟ್ಟಿ ಹೇಳುತ್ತಾರೆ. ಅವರ ಮಾತು ತಪ್ಪಿದ್ದೇ ಇಲ್ಲ ನೋಡಿ.

ಉಳಿದದ್ದು ಚುಟುಕಾಗಿ. ಬ್ಯಾಟರಿ ವಾರಕ್ಕೆ ಎರಡು ಸಲ ಚಾರ್ಜ್ ಕೇಳುತ್ತದೆ. ಮೀಟಿಂಗಿಗೆ ಮೈಕ್ ಪರವಾಗಿಲ್ಲ. ಕನ್ನಡಕದವರಿಗೆ ಕಡ್ಡಿ ಸ್ವಲ್ಪ ಒತ್ತುತ್ತದೆ. ಎರಡು ಗಂಟೆ ಹಾಕಿದರೆ ಕಿವಿ ಬೆವರುತ್ತದೆ, ತೆಗೆದು ಕುತ್ತಿಗೆಗೆ ಹಾಕಿಕೊಳ್ಳಲೇಬೇಕು. ಹೊಸದರಲ್ಲಿ ಇದಕ್ಕೆ ಬೈದುಕೊಳ್ಳುತ್ತಿದ್ದೆ.

ಮೊನ್ನೆ ಹಾಗೆ ತೆಗೆದು ಕಿವಿ ಒರೆಸಿಕೊಳ್ಳುತ್ತಿದ್ದೆ. ಪಕ್ಕದಿಂದ "ಏನಿಲ್ಲ ಸರ್, ಸುಮ್ನೆ..." ಅಂತ ಕೇಳಿಸಿತು. ಕುರ್ಚಿ ಅತ್ತ ತಿರುಗಿಸಿದೆ.