ಲೋ ಕಾರ್ಬ್ ಹಿಟ್ಟು: ಚಪಾತಿ ಪರವಾಗಿಲ್ಲ, ಬೆಳಗಿನ ಥೈರಾಯ್ಡ್ ಮಾತ್ರೆಯ ಹತ್ತಿರ ಬೇಡ

'ಲೋ ಕಾರ್ಬ್ ಆಟಾ' (ಕಾರ್ಬೋಹೈಡ್ರೇಟ್ ಕಡಿಮೆ ಇರುವ ಹಿಟ್ಟು), 'ಕೀಟೋ ಆಟಾ' ಎಂದು ಮಾರುವ ಹಿಟ್ಟುಗಳ ಹೆಸರು ನೂರಿದ್ದರೂ ಒಳಗಿನ ಸಾಮಗ್ರಿ ಹೆಚ್ಚುಕಮ್ಮಿ ಒಂದೇ: ಗೋಧಿಯ ಗ್ಲುಟೆನ್ (ಹಿಟ್ಟಿಗೆ ಅಂಟು ಕೊಡುವ ಪ್ರೋಟೀನ್), ಸೋಯಾ, ಅಗಸೆ ಪುಡಿ, ಇಸಬ್‌ಗೋಲು. ದುಬಾರಿ ಪ್ಯಾಕೆಟ್ಟಾದರೆ ಬಾದಾಮಿಯೋ ತೆಂಗಿನ ಹಿಟ್ಟೋ ಸೇರಿರುತ್ತದೆ. ಪಿಷ್ಟ ತೆಗೆದ ಜಾಗಕ್ಕೆ ಪ್ರೋಟೀನ್, ನಾರು ತುಂಬಿದ್ದಾರೆ, ಅಷ್ಟೇ.

ಕೊಳ್ಳುವ ಮುಂಚೆ ಪ್ಯಾಕೆಟ್ಟಿನ ಬೆನ್ನು ನೋಡಿ. ಒಟ್ಟು ಕಾರ್ಬ್‌ನಲ್ಲಿ ನಾರು ಕಳೆದರೆ ನೆಟ್ ಕಾರ್ಬ್, ಅಂದರೆ ಮೈಗೆ ಸಕ್ಕರೆಯಾಗಿ ಸೇರುವ ಪಾಲು. ಆದರೆ ಕೆಲವರು ಕೋಷ್ಟಕದಲ್ಲಿ ನಾರನ್ನು ಕಾರ್ಬ್ ಒಳಗೇ ಸೇರಿಸುತ್ತಾರೆ, ಕೆಲವರು ಹೊರಗಿಡುತ್ತಾರೆ. ಹೊರಗಿಟ್ಟದ್ದನ್ನು ಮತ್ತೆ ಕಳೆದರೆ ಲೆಕ್ಕ ಸುಳ್ಳಾಗುತ್ತದೆ. ಪರೀಕ್ಷೆ ಸುಲಭ: ಪ್ರೋಟೀನ್, ಕೊಬ್ಬು, ಕಾರ್ಬ್, ನಾರು ನಾಲ್ಕನ್ನೂ ಕೂಡಿಸಿ. 40, 10, 38, 25 ಎಂದಿದ್ದರೆ 113 ಆಯಿತು. 100 ಗ್ರಾಂ ಹಿಟ್ಟಿನಲ್ಲಿ 113 ಗ್ರಾಂ ಹಿಡಿಸುವುದಿಲ್ಲ, ಹಾಗಾಗಿ ನಾರು ಒಳಗಿದೆ, ನೆಟ್ 13. ಮೊತ್ತ 85–90ರ ಆಸುಪಾಸಿನಲ್ಲಿ ನಿಂತರೆ ಉಳಿದದ್ದು ತೇವ, ಖನಿಜ. ಆಗ ಏನನ್ನೂ ಕಳೆಯಬೇಡಿ.

13 ನಿಜವಾದರೆ 30 ಗ್ರಾಂ ಹಿಟ್ಟಿನ ಚಪಾತಿಗೆ 4 ಗ್ರಾಂ ಕಾರ್ಬ್; ಗೋಧಿಯದಾದರೆ ಸುಮಾರು 19. ರಾಗಿ, ಜೋಳವನ್ನು ಲೋ ಕಾರ್ಬ್ ಎಂದು ನಂಬಿದವರು ನಮ್ಮಲ್ಲಿ ಬಹಳ. 100 ಗ್ರಾಂಗೆ ರಾಗಿಯಲ್ಲಿ 67, ಜೋಳದಲ್ಲಿ 68 ಗ್ರಾಂ; ಗೋಧಿಗಿಂತ ಕಡಿಮೆಯೇನಲ್ಲ.

ಕಲಸುವಾಗ ಗೋಧಿಯ ಅಂದಾಜು ಮರೆಯಿರಿ. ಇಸಬ್‌ಗೋಲು ನೀರು ಕುಡಿಯುತ್ತಲೇ ಇರುತ್ತದೆ: 100 ಗ್ರಾಂಗೆ 90 ಮಿಲಿ ಬೆಚ್ಚಗಿನ ನೀರಿನಿಂದ ಶುರು ಮಾಡಿ, ಅಂಟಂಟಾಗಿದ್ದಾಗಲೇ ನಿಲ್ಲಿಸಿ, 20 ನಿಮಿಷ ಮುಚ್ಚಿಡಿ. ಆಗಲೇ ಒಣಹಿಟ್ಟು ಹಾಕಿ ಗಟ್ಟಿ ಮಾಡಿದರೆ ಚಪಾತಿ ಚರ್ಮದ ಹಾಗಾಗುತ್ತದೆ. ಹೆಚ್ಚು ನಾದಿದರೂ ಕೆಡುಕೇ. ಗ್ಲುಟೆನ್ ಬಿಗಿದು, ಲಟ್ಟಿಸಿದ್ದು ರಬ್ಬರಿನಂತೆ ಹಿಂದಕ್ಕೆ ಬರುತ್ತದೆ. ಎಣ್ಣೆ ಸವರಿದ ಎರಡು ಹಾಳೆಗಳ ನಡುವೆ ತೆಳ್ಳಗೆ ಲಟ್ಟಿಸಿ, ಮಧ್ಯಮ ಉರಿಯಲ್ಲಿ ಬೇಯಿಸಿ. ಉರಿ ಜೋರಾದರೆ ಸೋಯಾ ಬೇಗ ಕಂದಾಗಿ ಒಳಗೆ ಹಸಿ ಉಳಿಯುತ್ತದೆ. ಸೋಯಾ ವಾಸನೆಗೆ ಓಂಕಾಳು, ಮೆಂತ್ಯ ಸೊಪ್ಪು ಮದ್ದು. ಬಿಸಿಯಲ್ಲಿ ಚೆನ್ನ, ಡಬ್ಬಿಗೆ ಹಾಕಿ ಒಯ್ದರೆ ಮಧ್ಯಾಹ್ನಕ್ಕೆ ಹಲ್ಲಿಗೆ ವ್ಯಾಯಾಮ.

ಥೈರಾಯ್ಡ್ ಇದ್ದವರಿಗೆ ತೊಡಕು ಬೇರೆ ಕಡೆ ಇದೆ. ಸೋಯಾ, ಹೆಚ್ಚಿನ ನಾರು ಎರಡೂ ಲೆವೊಥೈರಾಕ್ಸಿನ್ (ಥೈರಾಯ್ಡ್ ಹಾರ್ಮೋನಿನ) ಮಾತ್ರೆ ಕರುಳಿನಲ್ಲಿ ಹೀರಿಕೊಳ್ಳುವುದನ್ನು ತಗ್ಗಿಸಬಲ್ಲವು. ಮಾತ್ರೆ ಖಾಲಿ ಹೊಟ್ಟೆಗೆ, ತಿಂಡಿಗೆ 30–60 ನಿಮಿಷ ಮುಂಚೆ. ಕಬ್ಬಿಣ, ಕ್ಯಾಲ್ಸಿಯಂ ಗುಳಿಗೆಗೆ 4 ಗಂಟೆ ಅಂತರ. ಈ ಚಪಾತಿಯನ್ನು ರಾತ್ರಿ ಊಟಕ್ಕೆ ಇಟ್ಟುಕೊಳ್ಳಿ. ದಿನವೂ ತಿನ್ನತೊಡಗಿದರೆ 6–8 ವಾರಕ್ಕೆ ಟಿಎಸ್‌ಎಚ್ (ಥೈರಾಯ್ಡ್ ರಕ್ತಪರೀಕ್ಷೆ) ನೋಡಿಸಿ. ತೂಕ ಇಳಿದರೂ ಡೋಸ್ ಬದಲಾಗಬಹುದು. ಕಾರ್ಬ್ ತೀರಾ ಕಡಿಮೆಯಾದಾಗ ರಕ್ತದಲ್ಲಿ ಟಿ3 ಎಂಬ ಥೈರಾಯ್ಡ್ ಹಾರ್ಮೋನು ಇಳಿಯುವುದುಂಟು. ಅದನ್ನು ನೋಡಿ ತಾವೇ ಮಾತ್ರೆ ಏರಿಸಬಾರದು. ಸೀಲಿಯಾಕ್ ಕಾಯಿಲೆಯವರಿಗೆ (ಗ್ಲುಟೆನ್‌ನಿಂದ ಕರುಳು ಕೆಡುವವರಿಗೆ) ಗ್ಲುಟೆನ್ ಇರುವ ಪ್ಯಾಕೆಟ್ ನಿಷಿದ್ಧ. ಇನ್ಸುಲಿನ್, ಗ್ಲಿಮೆಪಿರೈಡ್, ಡಾಪಾಗ್ಲಿಫ್ಲೋಜಿನ್‌ನಂಥ ಸಕ್ಕರೆ ಕಾಯಿಲೆಯ ಔಷಧಿ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಕಾರ್ಬ್ ಕಡಿತಕ್ಕೆ ಕೈಹಾಕಬೇಡಿ.

ಓಟ, ಜಿಮ್, ಬೆಟ್ಟ ಹತ್ತುವವರು ಕೀಟೋ ಪಥ್ಯದ (ಕಾರ್ಬ್ ತೀರಾ ಕಡಿಮೆ ಮಾಡುವ ಪಥ್ಯದ) ದಿನಕ್ಕೆ 20–50 ಗ್ರಾಂ ಕಾರ್ಬ್‌ಗೆ ಇಳಿಯುವ ಅಗತ್ಯ ಕಡಿಮೆ. ದಿನಕ್ಕೆ 100–130 ಗ್ರಾಂ ಸಾಮಾನ್ಯವಾಗಿ ನಿಭಾಯಿಸಲು ಸುಲಭ. ಜೋರು ವ್ಯಾಯಾಮದ ದಿನ 60 ಗ್ರಾಂ ಹಿಟ್ಟಿನ ರಾಗಿ ಮುದ್ದೆ ಉಂಡರೆ 40 ಗ್ರಾಂ ಕಾರ್ಬ್ ಬಂತು, ರಾತ್ರಿ ಈ ಚಪಾತಿ ಸಾಕು. ಮೊದಲ ವಾರ ಇಳಿದ ತೂಕದಲ್ಲಿ ಹೆಚ್ಚಿನದು ನೀರು. ಮೈಯಲ್ಲಿ ಕೂಡಿಟ್ಟ ಕಾರ್ಬ್ ಆದ ಗ್ಲೈಕೋಜನ್ ಒಂದು ಗ್ರಾಂಗೆ ಸುಮಾರು 3 ಗ್ರಾಂ ನೀರು ಹಿಡಿದಿರುತ್ತದೆ. ಅದರ ಜತೆ ಉಪ್ಪೂ ಹೋಗುವುದರಿಂದ ತಲೆಸುತ್ತು, ಕಾಲು ಸೆಳೆತ. ಬಿಪಿ ತೊಂದರೆ ಇಲ್ಲದಿದ್ದರೆ ಉಪ್ಪು ಹಾಕಿದ ಮಜ್ಜಿಗೆ ಕುಡಿಯಿರಿ.

ಬೆಲೆ ಗೋಧಿ ಹಿಟ್ಟಿನ ಹಲವು ಪಟ್ಟು, ಆದ್ದರಿಂದ ಮೊದಲು ಅರ್ಧ ಕಿಲೋ ಮಾತ್ರ ತನ್ನಿ. ಅಗಸೆ, ಬಾದಾಮಿಯ ಎಣ್ಣೆ ಬೇಗ ಕಮಟುತ್ತದೆ: ತೆರೆದ ಮೇಲೆ ಫ್ರಿಜ್‌ನಲ್ಲಿಡಿ, ಕಹಿ ವಾಸನೆ ಬಂದರೆ ಎಸೆಯಿರಿ.