ಬೇಸಿಕ್ ಇನ್‌ಸ್ಟಿಂಕ್ಟ್ 2: ಬಲೆ ಚೆನ್ನಾಗಿದೆ, ಬೀಳುವವನೇ ಸಪ್ಪೆ

ಈ ಚಿತ್ರದ ಮೊದಲ ಕೆಲವು ನಿಮಿಷ ನೋಡಿದರೆ ಭರವಸೆ ಹುಟ್ಟುತ್ತದೆ. ರಾತ್ರಿಯ ಲಂಡನ್, ನುಗ್ಗುವ ಸ್ಪೈಕರ್ ಕಾರು, ಸ್ಟೀರಿಂಗ್ ಹಿಡಿದಿರುವುದು ಕಾದಂಬರಿಗಾರ್ತಿ ಕ್ಯಾಥರೀನ್ ಟ್ರಾಮೆಲ್ (ಶರಾನ್ ಸ್ಟೋನ್). ಪಕ್ಕದಲ್ಲಿ ಅಮಲಿನಲ್ಲಿ ಒರಗಿದ ಫುಟ್‌ಬಾಲ್ ಆಟಗಾರ. ಆ ಪಾತ್ರ ಮಾಡಿದ ಸ್ಟ್ಯಾನ್ ಕಾಲಿಮೋರ್ ನಿಜಕ್ಕೂ ಮಾಜಿ ಫುಟ್‌ಬಾಲಿಗ. ಕಾರು ನೀರಿಗೆ ಬೀಳುತ್ತದೆ. ಅವಳು ಮೇಲೆ ಬರುತ್ತಾಳೆ, ಅವನು ಬರುವುದಿಲ್ಲ.

ಶವದಲ್ಲಿ ಟ್ಯೂಬೊಕ್ಯುರಾರಿನ್ ಸಿಗುತ್ತದೆ. ಹಿಂದೆ ಆಪರೇಷನ್ ವೇಳೆ ಸ್ನಾಯು ಸಡಿಲಿಸಲು ಕೊಡುತ್ತಿದ್ದ ಔಷಧ ಅದು. ನಿದ್ದೆ ಬರಿಸುವುದಿಲ್ಲ, ನೋವನ್ನೂ ಮರೆಸುವುದಿಲ್ಲ. ಎಚ್ಚರವಿದ್ದಂತೆಯೇ ಕೈಕಾಲು ಸೋಲುತ್ತವೆ, ಆಮೇಲೆ ಉಸಿರೂ. ಹಾಗಾದರೆ ಅವನನ್ನು ಕೊಂದದ್ದು ನೀರೋ ಔಷಧವೋ? ಪತ್ತೇದಾರಿ ಕಥೆಗೆ ಇದಕ್ಕಿಂತ ಒಳ್ಳೆಯ ಗಂಟು ಬೇಕಿಲ್ಲ. ಚಿತ್ರ ಮಾತ್ರ ಅದನ್ನು ಬೇಗನೆ ಕೈಬಿಟ್ಟು ಮನೋವೈದ್ಯರ ಕೋಣೆಗೆ ಹೊರಳುತ್ತದೆ.

ಪೊಲೀಸ್ ಅಧಿಕಾರಿ ವಾಷ್‌ಬರ್ನ್ ಅವಳ ಮನಸ್ಸನ್ನು ತಪಾಸಣೆ ಮಾಡಲು ಮನೋವೈದ್ಯ ಡಾ. ಮೈಕಲ್ ಗ್ಲಾಸ್‌ನನ್ನು ಕರೆಸುತ್ತಾನೆ. ಅಪಾಯದ ಚಟ ಎನ್ನುವುದು ಗ್ಲಾಸ್ ಕೊಡುವ ತೀರ್ಮಾನ. ಕೇಸು ಬಿದ್ದುಹೋಗುತ್ತದೆ, ಅವಳು ಅವನ ಬಳಿಯೇ ಚಿಕಿತ್ಸೆಗೆ ಬರುತ್ತಾಳೆ, ಅವನು ಒಪ್ಪಿಕೊಳ್ಳುತ್ತಾನೆ! ಕೋರ್ಟಿಗಾಗಿ ಪರೀಕ್ಷಿಸಿದವರನ್ನೇ ಆಮೇಲೆ ರೋಗಿಯಾಗಿ ತೆಗೆದುಕೊಳ್ಳಬಾರದೆಂಬುದು ಆ ವೃತ್ತಿಯಲ್ಲಿ ಎಲ್ಲರಿಗೂ ಗೊತ್ತಿರುವ ಎಚ್ಚರಿಕೆ. ಅದನ್ನು ದಾಟುವ ಕ್ಷಣವೇ ಮೋಹದ ಮೊದಲ ಮೆಟ್ಟಿಲಾಗಬೇಕಿತ್ತು. ಆದರೆ ಗ್ಲಾಸ್ ಪಾತ್ರ ಮಾಡಿದ ಡೇವಿಡ್ ಮೊರಿಸ್ಸಿ ಮುಖದಲ್ಲಿ ಏನೂ ಕದಲುವುದಿಲ್ಲ. ಕುರ್ಚಿಯನ್ನು ತಿರುಗಿಸಿಕೊಂಡು ಅದರ ಬೆನ್ನಿಗೆದುರಾಗಿ ಕಾಲು ಚೆಲ್ಲಿ ಕೂತು ಶರಾನ್ ಸ್ಟೋನ್ ಮಾತಿನಲ್ಲಿ ಕೆಣಕುವಾಗಲೂ ಅವನದು ಸಂದರ್ಶನಕ್ಕೆ ಬಂದವನ ಬಿಗಿತ.

1992ರ ಮೊದಲ ಚಿತ್ರದಲ್ಲಿ ಮೈಕಲ್ ಡಗ್ಲಾಸ್‌ನ ಪೊಲೀಸ್ ಮೊದಲೇ ಕುಡಿತ, ಕೊಕೇನ್, ಗುಂಡೇಟಿನ ಹಳೆಯ ಪ್ರಕರಣಗಳಲ್ಲಿ ಸವೆದವನು. ಅವಳು ತಳ್ಳಬೇಕಿರಲಿಲ್ಲ, ಅಂಚಿನಲ್ಲೇ ನಿಂತಿದ್ದ. ಗ್ಲಾಸ್‌ಗೂ ಒಂದು ಗಾಯವಿದೆ: ಅವನ ರೋಗಿಯೊಬ್ಬ ತನ್ನ ಬಸುರಿ ಪ್ರೇಯಸಿಯನ್ನು ಕೊಂದಿರುತ್ತಾನೆ. ಆದರೆ ಅದು ನಮಗೆ ಸಿಗುವುದು ಸಂಭಾಷಣೆಯಲ್ಲಿ, ಅವನ ನಡವಳಿಕೆಯಲ್ಲಲ್ಲ.

ಹಾಗೆಂದು ಎಲ್ಲವೂ ನೀರಸವಲ್ಲ. ಡೇವಿಡ್ ಥ್ಯೂಲಿಸ್‌ನ ವಾಷ್‌ಬರ್ನ್ ಬಂದಾಗಲೆಲ್ಲ ಚಿತ್ರ ಎದ್ದು ಕೂರುತ್ತದೆ. ಅವನ ಪ್ರಾಮಾಣಿಕತೆಯ ಮೇಲೇ ಗುಮಾನಿ ಬೀಳುವಂತೆ ಬರೆದದ್ದು ಚಿತ್ರಕಥೆಯ ಒಂದೇ ಜಾಣತನ. ಲಂಡನ್ನಿನ ಗಾಜಿನ ಗೋಪುರ ಗರ್ಕಿನ್ ಕಟ್ಟಡದಲ್ಲಿರುವ ಗ್ಲಾಸ್‌ನ ಆಫೀಸೂ ಒಳ್ಳೆಯ ಆಯ್ಕೆ, ಸುತ್ತ ಬರೀ ಗಾಜು. ಹೆಸರೂ ಗ್ಲಾಸ್! ಇಷ್ಟು ಒತ್ತಿ ಹೇಳಬೇಕಿತ್ತೇ ಎನಿಸುತ್ತದೆ. ಶಾರ್ಲೆಟ್ ರ್‍ಯಾಂಪ್ಲಿಂಗ್‌ರಂಥ ನಟಿಯನ್ನು ಎಚ್ಚರಿಕೆ ಹೇಳುವುದಕ್ಕಷ್ಟೇ ಇಟ್ಟುಕೊಂಡಿದ್ದಾರೆ.

ನಿರ್ದೇಶಕ ಮೈಕಲ್ ಕೇಟನ್-ಜೋನ್ಸ್. 2006ರಲ್ಲಿ ಬಂದಾಗ ಸುಮಾರು 7 ಕೋಟಿ ಡಾಲರ್ ಬಜೆಟ್‌ಗೆ 4 ಕೋಟಿಯೂ ಹುಟ್ಟಲಿಲ್ಲ. ಅತಿ ಕೆಟ್ಟ ಚಿತ್ರಕ್ಕೆ ಕೊಡುವ ರಾಝಿಯೂ ಸಿಕ್ಕಿತು. ಅಷ್ಟು ಬೈಗುಳಕ್ಕೆ ಅರ್ಹವಲ್ಲ, ಇದಕ್ಕಿಂತ ಕೆಟ್ಟ ಥ್ರಿಲ್ಲರ್‌ಗಳು ಬೇಕಾದಷ್ಟಿವೆ.

ನೋಡುವುದಾದರೆ ಮೊದಲ ಭಾಗ ನೋಡಿರಬೇಕೆಂದೇನಿಲ್ಲ, ಕಥೆ ಸ್ವತಂತ್ರ. ವಯಸ್ಕರಿಗೆ ಮಾತ್ರ, ಮನೆಮಂದಿಯ ಜೊತೆ ಬೇಡ. ಕೊನೆಯ ದೃಶ್ಯದಲ್ಲಿ ಅವಳು ಹೇಳುವ ಮಾತು ಹಿಂದಿನ ಕೊಲೆಗಳನ್ನೆಲ್ಲ ತಿರುವಿಹಾಕುತ್ತದೆ, ಆಗ ಅವಳನ್ನು ಬಿಟ್ಟು ಗ್ಲಾಸ್‌ನ ಮುಖ ನೋಡಿ. ಇಡೀ ಚಿತ್ರದಲ್ಲಿ ಮೊರಿಸ್ಸಿ ನಿಜವಾಗಿ ನಟಿಸಿರುವುದು ಅಲ್ಲಿ, ಅದೂ ಬಾಯಿ ತೆರೆಯದೆ.