ಎಫ್‌ಆರ್ ಪ್ಲೈವುಡ್: ಬೆಂಕಿಗೆ ಸರಿ, ಭಾರಕ್ಕೆ ಯೋಚಿಸಿ

ಬೆಂಗಳೂರಿನ ನಮ್ಮ ಮನೆಯ ಅಡುಗೆಮನೆಗೂ ಪುಸ್ತಕದ ಕಪಾಟಿಗೂ 18 ಎಂಎಂ ಎಫ್‌ಆರ್ ಪ್ಲೈ, ಅಂದ್ರೆ ಬೇಗ ಬೆಂಕಿ ಹತ್ತದ ಹಾಗೆ ಮದ್ದು ಕುಡಿಸಿದ ಪ್ಲೈವುಡ್, ಹಾಕಿಸಿದೆವು. ಶೀಟಿನ ಮೇಲೆ ಐಎಸ್ 5509 (ಇಂಥ ಪ್ಲೈಗೆ ಇರುವ ಭಾರತೀಯ ಮಾನಕ) ಗುರುತು ಇತ್ತು. ಕಂಪನಿ ಹೆಸರು ಬರೆಯಲ್ಲ, ಮಾಲಿನ ಬಗ್ಗೆ ಮಾತ್ರ ಹೇಳ್ತೀನಿ.

ಬೆಂಕಿ ವಿಷಯದಲ್ಲಿ ಪೂರ್ತಿ ಅಂಕ. ಒಂದು ತುಂಡನ್ನು ಗ್ಯಾಸ್ ಉರಿಗೆ ಹಿಡಿದೆ. ಕಪ್ಪಗಾಯಿತು, ಹೊಗೆ ಬಂತು, ಆಚೆ ತೆಗೆದ ಕೂಡಲೇ ಆರಿಹೋಯಿತು. ಮಾಮೂಲಿ ಪ್ಲೈ ತುಂಡು ಉರಿಯುತ್ತಲೇ ಇತ್ತು.

ಆದರೆ ಎರಡನ್ನೂ ಮುರಿದು ನೋಡಿದರೆ ಬೇರೆ ಕಥೆ. ಮಾಮೂಲಿ ಪ್ಲೈ ಮುರಿದಾಗ ಉದ್ದುದ್ದ ನಾರು ಎದ್ದು ಸಿಬಿರು ಸಿಬಿರಾಗಿ ನಿಲ್ಲುತ್ತದೆ. ಇದು ಹಪ್ಪಳದ ಹಾಗೆ ಪಟ್ಟಂತ ಮುರಿಯಿತು, ಅಂಚಿನಲ್ಲಿ ಉದ್ದ ನಾರೇ ಇಲ್ಲ.

ಯಾಕೆ ಅಂದ್ರೆ, ಇಂಥ ಪ್ಲೈಗೆ ಸಾಮಾನ್ಯವಾಗಿ ಅಮೋನಿಯಂ ಫಾಸ್ಫೇಟು, ಅಮೋನಿಯಂ ಸಲ್ಫೇಟಿನಂಥ ಲವಣ ಕುಡಿಸುತ್ತಾರೆ. ಬಿಸಿ ತಗುಲಿದಾಗ ಇವು ಆಮ್ಲ ಬಿಡುತ್ತವೆ, ಮರ ಉರಿಯುವ ಅನಿಲವಾಗುವ ಬದಲು ಬೇಗ ಇದ್ದಿಲಾಗುತ್ತದೆ, ಬೆಂಕಿ ಅಲ್ಲೇ ನಿಲ್ಲುತ್ತದೆ. ಅದೇ ಆಮ್ಲ ಬೆಂಕಿ ಇಲ್ಲದಿದ್ದರೂ, ಬರೀ ಬಿಸಿಲಿನ ಕಾವಿಗೆ, ನಿಧಾನವಾಗಿ ಮರದ ನಾರನ್ನು ತಿನ್ನುತ್ತದೆ. ಬಾಗುವ ಬಲ ಸಾಮಾನ್ಯವಾಗಿ ನೂರಕ್ಕೆ 10ರಿಂದ 20ರಷ್ಟು ಕಡಿಮೆಯಾಗುತ್ತದೆ, ಏಟು ತಡೆಯುವ ಶಕ್ತಿ ಅದಕ್ಕಿಂತ ಜಾಸ್ತಿ ಹೋಗುತ್ತದೆ. ಲವಣ ಕುಡಿಸಿದ ಮೇಲೆ 71 ಡಿಗ್ರಿಗಿಂತ ಜಾಸ್ತಿ ಬಿಸಿಯಲ್ಲಿ ಒಣಗಿಸಿದರೆ ಇನ್ನೂ ಕೆಡುತ್ತದೆ.

1980ರ ದಶಕದಲ್ಲಿ ಅಮೆರಿಕದ ಪೂರ್ವ ಭಾಗದಲ್ಲಿ ಸಾಲುಮನೆಗಳ ಛಾವಣಿಗೆ ಇಂಥ ಪ್ಲೈ ಹಾಕಿದ್ದರು. ಬಿಸಿಲಿಗೆ ಕಾದು ಕಾದು ಕೆಲವೇ ವರ್ಷಗಳಲ್ಲಿ ಹಲಗೆ ಕಪ್ಪಾಗಿ ಪುಡಿಪುಡಿಯಾಯಿತು, ಬೆಂಕಿ ಬೀಳದೇನೇ ಎಷ್ಟೋ ಛಾವಣಿ ಕಿತ್ತು ಹಾಕಬೇಕಾಯಿತು. ಅಲ್ಲಿನ ಮ್ಯಾಡಿಸನ್ ನಗರದಲ್ಲಿರುವ ಸರ್ಕಾರಿ ಮರ ಸಂಶೋಧನಾ ಸಂಸ್ಥೆ ಫಾರೆಸ್ಟ್ ಪ್ರಾಡಕ್ಟ್ಸ್ ಲ್ಯಾಬೊರೇಟರಿ ಇದರ ಬೆನ್ನು ಹತ್ತಿ ಕಾರಣ ಕಂಡುಹಿಡಿಯಿತು. ಲವಣದ ಜೊತೆ ಬೋರೇಟ್ ಸೇರಿಸಿದರೆ ಈ ಹಾನಿ ಕಡಿಮೆಯಾಗುತ್ತದೆ ಅನ್ನುವುದೂ ಗೊತ್ತಾಯಿತು. ನಮ್ಮ ಅಕ್ಕಸಾಲಿಗರು ಬಳಸುವ ಬಿಳಿಗಾರವೂ ಒಂದು ಬೋರೇಟೇ.

ನಮ್ಮ ಮನೆಯಲ್ಲಿ ಏನಾಯ್ತು ಅಂದ್ರೆ, ಒಲೆ ಪಕ್ಕದ ಬಾಕ್ಸುಗಳು ಚೆನ್ನಾಗಿವೆ. ಪುಸ್ತಕದ ಕಪಾಟಿನ ಮೂರಡಿ ಹಲಗೆ ಮಾತ್ರ ನಡುವೆ ಜೋತುಬಿತ್ತು. ಮಳೆಗಾಲದಲ್ಲಿ ಲ್ಯಾಮಿನೇಟ್ ಹಚ್ಚದ ಒಳಬದಿಯಲ್ಲಿ ಬಿಳಿ ಪುಡಿ ಎದ್ದಿತು, ಹಿಂಜಿನ ಸ್ಕ್ರೂ ಸುತ್ತ ತುಕ್ಕು ಬಂತು. ಈ ಲವಣ ಗಾಳಿಯ ತೇವ ಎಳೆಯುತ್ತೆ, ಅದಕ್ಕೇ. ಮಾಮೂಲಿ ಸ್ಕ್ರೂ ಬದಲು ಸ್ಟೇನ್‌ಲೆಸ್ ಸ್ಟೀಲಿನ ಸ್ಕ್ರೂ ಹಾಕಿಸಿ, ಬರಿಮೈ ಬಿಟ್ಟ ಅಂಚಿಗೆಲ್ಲ ಪಟ್ಟಿ ಅಂಟಿಸಿ.

ಅಂಗಡಿಯವರ ಮೇಲೆ ನನಗೆ ಸಿಟ್ಟಿರುವುದು ಒಂದೇ ಕಾರಣಕ್ಕೆ. 'ಇದು ಎಲ್ಲಕ್ಕೂ ಗಟ್ಟಿ ಸಾರ್' ಅಂದರೇ ಹೊರತು ಬಲದ ಬಗ್ಗೆ ಒಂದು ಮಾತೂ ಆಡಲಿಲ್ಲ. ಕೊಳ್ಳುವವರು ಬೆಂಕಿ ಪರೀಕ್ಷೆಯ ಕಾಗದ ಕೇಳಿದರೆ ಸಾಲದು, ಲವಣ ಕುಡಿಸಿದ ಮೇಲೆ ಬಾಗುವ ಬಲ ಎಷ್ಟಿದೆ ಅಂತಲೂ ಕೇಳಿ. ಒಲೆ, ಸ್ವಿಚ್‌ಬೋರ್ಡ್, ದೇವರ ಮನೆ, ಇಲ್ಲಿಗೆಲ್ಲ ಧಾರಾಳವಾಗಿ ಹಾಕಿಸಿ. ಪುಸ್ತಕ, ಪಾತ್ರೆ ಹೊರುವ ಉದ್ದ ಹಲಗೆಗೆ ಮಾಮೂಲಿ ಬಿಡಬ್ಲ್ಯುಆರ್ (ಕುದಿನೀರು ತಡೆಯುವ) ಪ್ಲೈ ಸಾಕು. ಎಫ್‌ಆರ್ ಪ್ಲೈಯೇ ಬೇಕು ಅಂದ್ರೆ ಎರಡಡಿಗೊಂದು ಆಸರೆ ಕೊಡಿಸಿ.